ಪಗಾರದ ಲೆಕ್ಕದಲ್ಲಿ ಸಂಸಾರವನ್ನು ಸೇರಿಸಿದ್ದು

ಮುಂಬಯಿಯ ನಮ್ಮ ಕಡೆಯವರ ಹೋಟೆಲುಗಳಲ್ಲಿ ಹೊಸದಾಗಿ ಕೆಲಸಕ್ಕೆ ಬಂದವನೊಡನೆ ಪಗಾರದ ಮಾತು ಆಡುವಾಗ, ಮೊತ್ತ ಹೇಳುವುದಕ್ಕೂ ಮೊದಲೇ "ಊಟ, ತಿಂಡಿ, ಮಲಗುವ ಜಾಗ ನಮ್ಮದು" ಎಂಬ ಮಾತು ಬರುತ್ತದೆ. ಹೋಟೆಲು ನನ್ನದಾದ ಮೇಲೆ ನಾನೂ ಇಪ್ಪತ್ತು ವರ್ಷ ಹಾಗೆಯೇ ಹೇಳಿದೆ. 1988ರಲ್ಲಿ ಏಳನೆಯ ತರಗತಿ ಮುಗಿಸಿ, ಬೈಂದೂರಿನ ಕಡೆಯಿಂದ ಬಸ್ಸು ಹಿಡಿದು ಬಂದು, ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಹೋಟೆಲಿನಲ್ಲಿ ಮೇಜು ಒರೆಸುವ ಫಡ್ಕಾ ಕೈಗೆತ್ತಿಕೊಂಡಾಗ ನನಗೂ ಹೇಳಿದ್ದು ಅದೇ ಮಾತು. ಆಗ ಅದು ನನಗೆ ದೊಡ್ಡ ಉಪಕಾರವೆಂದೇ ತೋರಿತ್ತು, ಏಕೆಂದರೆ ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿದ ಮೇಲೆ ಎರಡು ಮೇಜು ಜೋಡಿಸಿ ಮಲಗಬಹುದಿತ್ತು, ಸಂಜೆ ಎರಡು ಗಂಟೆ ಬಿಡುವು ಕೊಡುತ್ತಿದ್ದುದರಿಂದ ಕನ್ನಡ ರಾತ್ರಿ ಶಾಲೆಗೂ ಹೋಗಬಹುದಿತ್ತು. ಹತ್ತನೆಯ ತರಗತಿಯನ್ನು ನಾನು ಮುಗಿಸಿದ್ದು ಆ ಬಿಡುವಿನಲ್ಲಿಯೇ.

ಆ ಪಗಾರ ಒಬ್ಬ ಹುಡುಗನ ಹೊಟ್ಟೆಗೆ ಸಾಕಾಗುತ್ತಿತ್ತು. ಊರಿನಲ್ಲಿದ್ದ ತಾಯಿ, ತಂಗಿಯರ ಹೊಟ್ಟೆಯನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವರ ಹೊಟ್ಟೆಯನ್ನು ನೋಡಿಕೊಂಡದ್ದು ನಮ್ಮ ಅರುವತ್ತು ಸೆಂಟ್ಸ್ ಗದ್ದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದಾಗಿ, ಗೇಣಿದಾರನಾಗಿದ್ದ ನನ್ನ ತಂದೆಗೆ ಭೂನ್ಯಾಯ ಮಂಡಳಿಯಲ್ಲಿ ಸಿಕ್ಕ ಗದ್ದೆ ಅದು. ವರ್ಷದಲ್ಲಿ ಐದು ತಿಂಗಳ ಅಕ್ಕಿ ಅದರಲ್ಲಿ ಬರುತ್ತಿತ್ತು; ಉಳಿದದ್ದಕ್ಕೆ ಅಮ್ಮ ಬೀಡಿ ಕಟ್ಟುತ್ತಿದ್ದಳು. ಮುಂಬಯಿಯ ಕಚೇರಿಗಳ ಗುಮಾಸ್ತರು ಅಂದು ಕಡಿಮೆ ಬೆಲೆಗೆ ತಿಂದ ಇಡ್ಲಿಯಲ್ಲಿ ನನ್ನ ಅಮ್ಮನ ಬೀಡಿಯ ದುಡಿಮೆಯೂ, ಆ ಗದ್ದೆಯ ಅಕ್ಕಿಯೂ ಸೇರಿದ್ದವು ಎಂಬುದು ನನಗೆ ಹೊಳೆಯಲು ಮೂವತ್ತು ವರ್ಷ ಬೇಕಾಯಿತು. ನನ್ನ ಹೋಟೆಲಿನಲ್ಲಿ ಪಗಾರವನ್ನು ಹೇಗೆ ಲೆಕ್ಕ ಹಾಕಿದೆ, ಹೇಗೆ ಹೆಚ್ಚಿಸಿದೆ, ಎಲ್ಲಿ ತಡವರಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಣ್ಣ ಹೋಟೆಲು ನಡೆಸುವವರಿಗೂ, ಅಲ್ಲಿ ದುಡಿಯುವವರಿಗೂ ಇದರಿಂದ ಒಂದಿಷ್ಟು ಉಪಯೋಗವಾದರೆ ನನಗೆ ತೃಪ್ತಿ.

ನನ್ನ ಹೋಟೆಲು ಮುಲುಂಡಿನಲ್ಲಿದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ 23 ಜನ ಕೆಲಸಕ್ಕಿದ್ದರು. ಅವರಲ್ಲಿ ಊರಿನವರು ಒಂಬತ್ತು ಮಂದಿ, ಕೊಪ್ಪಳ ಹಾಗೂ ಹಾವೇರಿ ಕಡೆಯ ಹುಡುಗರು ಐದು ಮಂದಿ, ಉಳಿದವರು ಬಿಹಾರ ಮತ್ತು ಒಡಿಶಾದವರು. ಎರಡು ತಿಂಗಳು ನನ್ನಿಂದಾದಷ್ಟು ದಿನಸಿ ಕೊಟ್ಟು ಇರಿಸಿಕೊಂಡೆ. ಆಮೇಲೆ ಒಬ್ಬೊಬ್ಬರಾಗಿ ಊರಿಗೆ ಹೋದರು. ಅಕ್ಟೋಬರ್ 5ರಿಂದ ಅರ್ಧದಷ್ಟು ಗಿರಾಕಿಗಳನ್ನು ಕೂರಿಸಿ ಹೋಟೆಲು ನಡೆಸಲು ಮಹಾರಾಷ್ಟ್ರ ಸರ್ಕಾರ ಅನುಮತಿ ಕೊಟ್ಟಾಗ ಎಲ್ಲರಿಗೂ ಫೋನ್ ಮಾಡಿದೆ. ಬಂದವರು ಹನ್ನೊಂದು ಮಂದಿ. ಹದಿನಾಲ್ಕು ವರ್ಷ ನನ್ನೊಡನೆ ಇದ್ದ ದೋಸೆ ಭಟ್ಟರು ಬರುವುದಿಲ್ಲವೆಂದರು. ಏಕೆಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: "ಹೆಂಡ್ತಿ ಮಕ್ಳ್ ಒಟ್ಟಿಗೆ ನಾಲ್ಕ್ ತಿಂಗ್ಳ್ ಇದ್ದದ್ದ್ ಮದ್ವೆ ಆದ್ ಮೇಲೆ ಇದೇ ಸುರು ಅಣ್ಣ. ನಿಮ್ ಪಗಾರ್ದಗೆ ಸಂಸಾರ ಅಲ್ಲಿಗೆ ತಪ್ಪುಕಾತಿಲ್ಲೆ (ತರಲಾಗುವುದಿಲ್ಲ)."

ಮದುವೆಯಾಗಿ ಹನ್ನೆರಡು ವರ್ಷ ಕಳೆದ ಮನುಷ್ಯನ ಮಾತು ಅದು. ವರ್ಷಕ್ಕೊಮ್ಮೆ ಇಪ್ಪತ್ತೈದು ದಿನ ರಜೆಯಲ್ಲಿ ಊರಿಗೆ ಹೋಗಿ ಬರುತ್ತಿದ್ದ ಅವರಿಗೆ ರಜೆಯ ಪಗಾರವನ್ನೂ ಕೊಡುತ್ತಿದ್ದೆನಾದ್ದರಿಂದ ನಾನು ಒಳ್ಳೆಯ ಧಣಿ ಎಂದೇ ತಿಳಿದುಕೊಂಡಿದ್ದೆ. ಆ ಮಾತು ಕೇಳಿದ ಮೇಲೆ, ಅವರ ಸಂಸಾರವನ್ನು ಮುಂಬಯಿಗೆ ತರಲು ನಿಜವಾಗಿ ಎಷ್ಟು ಬೇಕು ಎಂದು ನಾನು ಒಮ್ಮೆಯೂ ಕೂಡಿಸಿ ನೋಡಿರಲಿಲ್ಲವೆಂಬುದು ನೆನಪಿಗೆ ಬಂದು ಬಹಳ ನೋವಾಯಿತು.

ಲೆಕ್ಕದ ದಾರಿ ತೋರಿಸಿದವರು ಬೆಳಗ್ಗೆ ತಿಂಡಿಗೆ ಬರುತ್ತಿದ್ದ ಒಬ್ಬ ಹಿರಿಯರು. ಠಾಣೆಯ ಕಾರ್ಖಾನೆಯೊಂದರಲ್ಲಿ ದುಡಿದು, ಕಾರ್ಮಿಕ ಸಂಘದ ಕೆಲಸ ಮಾಡಿ ನಿವೃತ್ತರಾದವರು. ಬಿಲ್ ಪುಸ್ತಕದ ಹಿಂಬದಿಯಲ್ಲಿ ಅವರು ಬರೆದುಕೊಟ್ಟದ್ದು 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಒಪ್ಪಿದ, ಕನಿಷ್ಠ ವೇತನ ಲೆಕ್ಕ ಹಾಕುವ ಸೂತ್ರ. ದುಡಿಯುವವನೊಬ್ಬ, ತಿನ್ನುವ ಪಾಲು ಮೂರು; ಅಂದರೆ ಗಂಡಸಿಗೆ ಒಂದು, ಹೆಂಡತಿಗೆ 0.8, ಇಬ್ಬರು ಮಕ್ಕಳಿಗೆ ತಲಾ 0.6. ಒಂದು ಪಾಲಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ. ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಅದರ ಮೇಲೆ ಮನೆ ಬಾಡಿಗೆ, ಉರುವಲು, ದೀಪ, ಚಿಲ್ಲರೆ ಖರ್ಚು. ಹೆಂಡತಿಯೋ ಮಕ್ಕಳೋ ಗಳಿಸಬಹುದಾದ ಹಣವನ್ನು ಈ ಲೆಕ್ಕದಲ್ಲಿ ಹಿಡಿಯಕೂಡದು. ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪು ಹಾಗೂ ಮದುವೆಗೆಂದು ಕನಿಷ್ಠ ವೇತನದ ನೂರಕ್ಕೆ 25ರಷ್ಟನ್ನು ಸೇರಿಸಬೇಕೆಂದು ರಾಪ್ಟಕೋಸ್ ಬ್ರೆಟ್ ಎಂಬ ಕಂಪನಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಹೇಳಿತು. ಅರುವತ್ತು ವರ್ಷಗಳಿಂದ ಈ ಸೂತ್ರ ದೇಶದಲ್ಲಿದ್ದರೂ, ಮುಂಬಯಿಯಲ್ಲಿ ಮೂರು ದಶಕ ಹೋಟೆಲಿನಲ್ಲೇ ಬಾಳಿದ ನನ್ನ ಕಿವಿಗೆ ಅದು ಬಿದ್ದದ್ದು ಅದೇ ಮೊದಲು.

2021ರ ಜನವರಿಯಲ್ಲಿ ಒಂದು ಭಾನುವಾರ ದಿವಾಕ್ಕೆ ಹೋದೆ. ಠಾಣೆಯ ಆಚೆ, ಕಡಿಮೆ ಪಗಾರದವರು ಖೋಲಿ, ಅಂದರೆ ಒಂದೇ ಕೋಣೆಯ ಮನೆ, ಬಾಡಿಗೆಗೆ ಹಿಡಿಯುವ ಊರು ಅದು. ನನ್ನ ಹೋಟೆಲಿನಲ್ಲಿ ತಿಂಡಿ ಬಡಿಸುವ ಇಬ್ಬರು ಸಪ್ಲೈಯರುಗಳ ಪರಿಚಯದವರು ಅಲ್ಲಿದ್ದರು. ಅವರ ಮನೆಗಳಲ್ಲಿ ಕುಳಿತು, ಅಂಗಡಿಗಳಲ್ಲಿ ನಿಂತು ದರ ಬರೆದುಕೊಂಡೆ. ತಿಂಗಳಿಗೆ ಅಕ್ಕಿ 20 ಕಿಲೋ 840 ರೂಪಾಯಿ, ಗೋಧಿ ಹಿಟ್ಟು 10 ಕಿಲೋ 320, ಬೇಳೆ 4 ಕಿಲೋ 440, ಎಣ್ಣೆ 3 ಲೀಟರ್ 390, ದಿನಕ್ಕೊಂದು ಲೀಟರಿನಂತೆ ಹಾಲು 1,440, ದಿನಕ್ಕೆ 50 ರೂಪಾಯಿಯ ತರಕಾರಿ 1,500, ಮೀನು ಮತ್ತು ಮೊಟ್ಟೆ 900, ಚಹಾ, ಸಕ್ಕರೆ, ತೆಂಗಿನಕಾಯಿ, ಮಸಾಲೆ ಎಲ್ಲ ಸೇರಿ 1,020. ಒಟ್ಟು 6,850. ಬಟ್ಟೆಗೆ ತಿಂಗಳಿಗೆ 660. ಹತ್ತಡಿ ಅಗಲ ಹದಿನೈದಡಿ ಉದ್ದದ ಖೋಲಿಗೆ ಬಾಡಿಗೆ 5,500; ಡಿಪಾಸಿಟ್ ಬೇರೆ. ಸಿಲಿಂಡರ್ ಆಗ ಮುಂಬಯಿಯಲ್ಲಿ ಸುಮಾರು 700 ರೂಪಾಯಿ ಇತ್ತು. ಅದರ ಜೊತೆಗೆ ಕರೆಂಟು, ಟ್ಯಾಂಕರ್ ನೀರು, ರೈಲಿನ ಪಾಸು, ಫೋನು ಸೇರಿ 2,400. ಇಬ್ಬರು ಮಕ್ಕಳ ಶಾಲೆಗೆ 2,500, ಔಷಧಿಗೆ 1,000, ವರ್ಷಕ್ಕೊಮ್ಮೆ ನಾಲ್ವರೂ ಊರಿಗೆ ಹೋಗಿ ಬರುವುದಕ್ಕೆ ತಿಂಗಳ ಪಾಲು 1,000. ಎಲ್ಲವನ್ನೂ ಕೂಡಿಸಿದಾಗ 19,910 ರೂಪಾಯಿ ಆಯಿತು.

ಈ ಸೂತ್ರದಲ್ಲಿ ಊರಿನಲ್ಲಿರುವ ತಂದೆ ತಾಯಿಗೆ ಪಾಲು ಇಲ್ಲ. ನಮ್ಮಲ್ಲಿ ಅವರಿಗೆ ಹಣ ಕಳುಹಿಸದ ಒಬ್ಬನನ್ನೂ ನಾನು ಕಂಡಿಲ್ಲವಾದ್ದರಿಂದ 3,000 ಸೇರಿಸಿದೆ: 22,910. ಕೆಲಸಗಾರನ ಸ್ವಂತ ಊಟ ಹೋಟೆಲಿನಲ್ಲಿಯೇ ಆಗುವುದರಿಂದ ಆಹಾರದ ಮೂರರಲ್ಲಿ ಒಂದು ಪಾಲು, ಅಂದರೆ 2,280 ಕಳೆದೆ. ಉಳಿದದ್ದು 20,630.

ನಾನು ಅಲ್ಲಿಯವರೆಗೆ ದೋಸೆ ಭಟ್ಟರಿಗೆ ಕೊಡುತ್ತಿದ್ದುದು 16,000, ಸಪ್ಲೈಯರಿಗೆ 9,500, ಮೋರಿಯಲ್ಲಿ, ಅಂದರೆ ಪಾತ್ರೆ ತೊಳೆಯುವ ಜಾಗದಲ್ಲಿ, ದುಡಿಯುವವನಿಗೆ 8,000. ಮಹಾರಾಷ್ಟ್ರದಲ್ಲಿ ಹೋಟೆಲು ಉದ್ಯೋಗಕ್ಕೆ ಸರ್ಕಾರ ನಿಗದಿಪಡಿಸುವ ಕನಿಷ್ಠ ವೇತನವಿದೆ. ಜೀವನವೆಚ್ಚದ ಸೂಚ್ಯಂಕ ನೋಡಿ ಜನವರಿಗೊಮ್ಮೆ, ಜುಲೈಗೊಮ್ಮೆ ವಿಶೇಷ ಭತ್ಯೆಯನ್ನು ಪರಿಷ್ಕರಿಸುತ್ತಾರೆ. ನನ್ನ ಮೋರಿಯ ಪಗಾರ ಆ ಕಾನೂನಿನ ಮೊತ್ತವನ್ನೂ ಮುಟ್ಟುತ್ತಿರಲಿಲ್ಲ. ಪಿಎಫ್ (ಭವಿಷ್ಯ ನಿಧಿ) ಕಾಯ್ದೆ ಇಪ್ಪತ್ತು ಜನರಿದ್ದಲ್ಲಿ ಅನ್ವಯವಾಗುತ್ತದೆಂದು ರಿಜಿಸ್ಟರಿನಲ್ಲಿ ಒಂಬತ್ತೇ ಹೆಸರು ತೋರಿಸಿದ್ದೆ. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆದರೆ ಈ ಬರಹ ಸುಳ್ಳಾಗುತ್ತದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಆಗುತ್ತದೆಂದು, ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1982ರಲ್ಲಿಯೇ ಹೇಳಿದೆ ಎಂದು ಆ ಹಿರಿಯರು ತಿಳಿಸಿದಾಗ ನನಗೆ ಅವರ ಮುಖ ನೋಡಲಾಗಲಿಲ್ಲ.

ಬಾಡಿಗೆಯ ವಿಚಾರದಲ್ಲಿ ಒಂದು ಮಾತು. ಪಗಾರದ ಹಳೆಯ ಕಾಯ್ದೆಗಳ ಬದಲಿಗೆ ಮಾಡಿದ ಹೊಸ ಕಾನೂನು ವೇತನ ಸಂಹಿತೆ. 2020ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಅದರ ಕರಡು ನಿಯಮಗಳಲ್ಲಿ, ಆಹಾರ ಮತ್ತು ಬಟ್ಟೆಯ ಖರ್ಚಿನ ನೂರಕ್ಕೆ ಹತ್ತರಷ್ಟನ್ನು ಮನೆ ಬಾಡಿಗೆಯೆಂದು ಹಿಡಿಯಬೇಕೆಂದಿತ್ತು. ನನ್ನ ಲೆಕ್ಕದಲ್ಲಿ ಅದು 751 ರೂಪಾಯಿ. ದಿವಾದಲ್ಲಿ 751 ರೂಪಾಯಿಗೆ ಖೋಲಿ ಸಿಗುವುದಿರಲಿ, ಖೋಲಿಯ ಹೊರಗೆ ಸೈಕಲ್ ನಿಲ್ಲಿಸುವ ಜಾಗವೂ ಸಿಗಲಾರದು. ಮುಂಬಯಿಯಂಥ ಊರಿನಲ್ಲಿ ಪಗಾರವನ್ನು ತಿನ್ನುವುದು ಅಕ್ಕಿ ಬೇಳೆಯಲ್ಲ, ನೆಲ. ಯಾವ ಸೂತ್ರವನ್ನೇ ಬಳಸಿ, ಬಾಡಿಗೆಯನ್ನು ಮಾತ್ರ ಕೆಲಸಗಾರರು ಕೊಡುತ್ತಿರುವ ನಿಜವಾದ ಮೊತ್ತದಲ್ಲಿಯೇ ಹಿಡಿಯಿರಿ ಎಂದು ಈ ಲೆಕ್ಕಕ್ಕೆ ಕೂರುವ ಎಲ್ಲರಿಗೂ ನಾನು ಹೇಳುತ್ತೇನೆ.

ನೆಲದ ಪಾಲು ನನ್ನ ಹೋಟೆಲಿನ ಲೆಕ್ಕದಲ್ಲಿಯೂ ಅಷ್ಟೇ ದೊಡ್ಡದಿತ್ತು. ಲಾಕ್‌ಡೌನಿಗೆ ಹಿಂದಿನ 2019ರ ಪುಸ್ತಕವನ್ನು ಮುಂದಿಟ್ಟುಕೊಂಡು, ಆಗ 40 ರೂಪಾಯಿ ಇದ್ದ ಒಂದು ಪ್ಲೇಟ್ ಇಡ್ಲಿ ಹೇಗೆ ಹಂಚಿಹೋಗುತ್ತಿತ್ತು ಎಂದು ನೋಡಿದೆ. ತಿಂಗಳ ಸರಾಸರಿ ವ್ಯಾಪಾರ 15 ಲಕ್ಷ. ದಿನಸಿ, ತರಕಾರಿ, ಹಾಲಿಗೆ 16 ರೂಪಾಯಿ. ಗ್ಯಾಸು, ಕರೆಂಟಿಗೆ ಮೂರೂವರೆ. ಮನೆಗೆ ಊಟ ತಲುಪಿಸುವ ಆ್ಯಪ್‌ಗಳ ಕಮಿಷನ್, ಪರವಾನಗಿ, ರಿಪೇರಿ, ಸಾಲದ ಬಡ್ಡಿಗೆ ಮೂರೂಮುಕ್ಕಾಲು. ಜಾಗದ ಮಾಲೀಕರಿಗೆ ಬಾಡಿಗೆ ಸುಮಾರು 6. ಇಪ್ಪತ್ತಮೂರು ಜನರ ಪಗಾರಕ್ಕೆ ಸುಮಾರು 7. ಉಳಿದ ಮೂರೂಮುಕ್ಕಾಲು ನನ್ನದು, ಅಂದರೆ ತಿಂಗಳಿಗೆ ಸುಮಾರು 1 ಲಕ್ಷ 40 ಸಾವಿರ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಹಿಟ್ಟು ನೋಡುವ ಭಟ್ಟರಿಂದ ಹಿಡಿದು ರಾತ್ರಿ ಹನ್ನೊಂದರ ತನಕ ಮೋರಿಯಲ್ಲಿ ನಿಲ್ಲುವ ಹುಡುಗನವರೆಗೆ ಇಪ್ಪತ್ತಮೂರು ಮಂದಿಗೆ ಏಳು, ಆ ನೆಲದ ಕಾಗದ ಇಟ್ಟುಕೊಂಡ ಒಬ್ಬರಿಗೆ ಆರು. ಜಾಗದ ಮಾಲೀಕರು ಕೆಟ್ಟವರೇನೂ ಅಲ್ಲ. ಲಾಕ್‌ಡೌನಿನಲ್ಲಿ ಮೂರು ತಿಂಗಳ ಬಾಡಿಗೆ ಬಿಟ್ಟುಕೊಟ್ಟರು. ಆದರೂ ಆ ಎರಡು ಅಂಕೆಗಳನ್ನು ಅಕ್ಕಪಕ್ಕದಲ್ಲಿ ಬರೆದದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ನನ್ನ ಮನೆಯ ಖರ್ಚನ್ನೂ ಬರೆದೆ. ಫ್ಲ್ಯಾಟಿನ ಸಾಲದ ಕಂತು 38,000. ಮಗಳ ಕೋಚಿಂಗ್ ತರಗತಿಗೆ ವರ್ಷಕ್ಕೆ 96,000. ಮೋರಿಯ ಹುಡುಗನ ಎಂಟು ಸಾವಿರವನ್ನು ಹನ್ನೆರಡರಿಂದ ಗುಣಿಸಿದರೂ ಬರುವುದು 96,000. ಒಬ್ಬ ಹತ್ತೊಂಬತ್ತು ವರ್ಷದ ಹುಡುಗ ವರ್ಷವಿಡೀ ಬಿಸಿನೀರು, ಸೋಡಾ ಪುಡಿಯಲ್ಲಿ ಕೈ ಅದ್ದಿ ಗಳಿಸಿದ್ದು, ಹದಿನೇಳು ವರ್ಷದ ನನ್ನ ಮಗಳ ಸಂಜೆಯ ತರಗತಿಗೆ ಸಮ. ನನ್ನ ಹೆಂಡತಿಗೆ ಆ ಪುಟ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಮೊದಲು ಆ ಹುಡುಗನದ್ದು ಸರಿ ಮಾಡಿ" ಎಂದಳು.

ಎಲ್ಲರಿಗೂ ಒಮ್ಮೆಗೇ 20,630 ಕೊಡುವುದೆಂದರೆ ತಿಂಗಳಿಗೆ ಎರಡು ಲಕ್ಷಕ್ಕಿಂತ ಹೆಚ್ಚು ಬೇಕಿತ್ತು. ನನ್ನ ಪೂರ್ತಿ ಪಾಲನ್ನು ಕೊಟ್ಟರೂ ಅದು ತುಂಬುತ್ತಿರಲಿಲ್ಲ. ಹೋಟೆಲು ಮುಚ್ಚಿದರೆ ಯಾರಿಗೂ ಪಗಾರವಿಲ್ಲ. ಆದ್ದರಿಂದ ಮೂರು ವರ್ಷದ ಗಡುವು ಇಟ್ಟುಕೊಂಡೆ. ಏಪ್ರಿಲಿನಲ್ಲಿ ಎರಡನೆಯ ಅಲೆ ಬಂದು ಬರೇ ಪಾರ್ಸೆಲ್ ವ್ಯಾಪಾರ ಉಳಿದದ್ದರಿಂದ ಕೆಲಸ ನಿಜವಾಗಿ ಶುರುವಾದದ್ದು 2021ರ ಅಕ್ಟೋಬರಿನಲ್ಲಿ.

ಮೊದಲು ಮಾಡಿದ್ದು ತಿಂಡಿಪಟ್ಟಿ ಕಡಿಮೆ ಮಾಡುವ ಕೆಲಸ. ಪಂಜಾಬಿ, ಚೈನೀಸ್ ಎಲ್ಲ ಸೇರಿ 140 ಐಟಂ ಇದ್ದವು. ಎಲ್ಲ ಹೋಟೆಲುಗಳಲ್ಲಿ ಇದೆಯೆಂದು ನಮ್ಮಲ್ಲಿಯೂ ಇತ್ತೇ ಹೊರತು, ಅದರಿಂದ ಏನು ಉಳಿಯುತ್ತದೆಂದು ನೋಡಿದವರಿಲ್ಲ. ಎರಡು ತಿಂಗಳ ಬಿಲ್ಲುಗಳನ್ನು ಎಣಿಸಿದಾಗ ವ್ಯಾಪಾರದ ಬಹುಪಾಲು ಇಡ್ಲಿ, ವಡೆ, ದೋಸೆ, ಉಪ್ಪಿಟ್ಟು, ಊಟ, ಕಾಫಿ, ಚಹಾದಿಂದಲೇ ಬರುವುದು ಕಂಡಿತು. ಪನೀರು, ಕ್ರೀಮು ಹಾಳಾಗಿ ಎಸೆಯುತ್ತಿದ್ದುದೇ ತಿಂಗಳಿಗೆ ಹದಿನೆಂಟು ಸಾವಿರದಷ್ಟಿತ್ತು. ಪಟ್ಟಿಯನ್ನು 62ಕ್ಕೆ ಇಳಿಸಿದೆ. ರಾತ್ರಿ ಹನ್ನೊಂದರ ಬದಲು ಒಂಬತ್ತೂವರೆಗೆ ಬಾಗಿಲು ಹಾಕಿದೆ, ಮಂಗಳವಾರ ಪೂರ್ತಿ ಮುಚ್ಚಿದೆ. ಇದರಿಂದ ಹದಿಮೂರು ಹದಿನಾಲ್ಕು ಗಂಟೆಗಳ ದುಡಿಮೆ ಒಂಬತ್ತು ಗಂಟೆಗೆ ಬಂತು, ಎಲ್ಲರಿಗೂ ವಾರದ ರಜೆ ಸಿಕ್ಕಿತು. ಮೊದಲು 23 ಜನರಿದ್ದಲ್ಲಿ 19 ಜನ ಸಾಕಾದರು. ಯಾರನ್ನೂ ತೆಗೆಯಲಿಲ್ಲ, ಲಾಕ್‌ಡೌನಿನ ನಂತರ ಬಾರದವರ ಜಾಗವನ್ನು ತುಂಬಲಿಲ್ಲ ಅಷ್ಟೇ. ಆದರೂ ನಾಲ್ಕು ಜನರಿಗೆ ಸಿಗಬಹುದಾಗಿದ್ದ ಕೆಲಸ ಇಲ್ಲವಾಯಿತು ಎಂಬುದು ನಿಜ.

ಎರಡನೆಯದು ಬೆಲೆ. ನಮ್ಮಲ್ಲಿಗೆ ಬರುವವರಲ್ಲಿ ರಿಕ್ಷಾದವರು, ಎದುರಿನ ಸೊಸೈಟಿಗಳ ವಾಚ್‌ಮನ್‌ಗಳು, ಮನೆಗೆಲಸ ಮುಗಿಸಿ ಹೋಗುವ ಹೆಂಗಸರು ಇದ್ದಾರೆ. ಒಬ್ಬ ಬಡವನ ಪಗಾರ ಏರಿಸಲು ಇನ್ನೊಬ್ಬ ಬಡವನ ತಟ್ಟೆಯ ಬೆಲೆ ಏರಿಸಬೇಕಾದದ್ದು ನನಗೆ ಇದರಲ್ಲೆಲ್ಲ ಅತಿ ಕಷ್ಟದ ಸಂಗತಿಯಾಗಿತ್ತು. ಕೊನೆಗೆ ಕಟಿಂಗ್ (ಅರ್ಧ ಲೋಟ) ಚಹಾ, ಒಂದೇ ಇಡ್ಲಿ ಸಾಂಬಾರು, ಅನ್ನ ಸಾಂಬಾರು ಈ ಮೂರರ ದರವನ್ನು ಮುಟ್ಟದೆ, ಮಸಾಲೆ ದೋಸೆ, ವಿಶೇಷ ಊಟ, ಫಿಲ್ಟರ್ ಕಾಫಿಯ ಮೇಲೆ ಹೆಚ್ಚು ಹಾಕಿದೆ. ಎರಡು ಇಡ್ಲಿಯ ಪ್ಲೇಟು ಮೂರು ವರ್ಷದಲ್ಲಿ 40ರಿಂದ 50ಕ್ಕೆ ಬಂತು. ಆ್ಯಪ್‌ನಲ್ಲಿ ಹತ್ತು ಐಟಂ ಮಾತ್ರ ಇಟ್ಟೆ. 2022ರ ಮೇ ತಿಂಗಳಲ್ಲಿ ಹೋಟೆಲಿನ 19 ಕಿಲೋ ಸಿಲಿಂಡರ್ 2,300 ರೂಪಾಯಿ ದಾಟಿದಾಗ ಆ ತ್ರೈಮಾಸಿಕದ ಪಗಾರ ಏರಿಕೆಯನ್ನು ಎರಡು ತಿಂಗಳು ಮುಂದೂಡಬೇಕಾಯಿತು. ಎಲ್ಲರನ್ನೂ ಕೂರಿಸಿ ಬಿಲ್ಲುಗಳನ್ನು ತೋರಿಸಿಯೇ ಮುಂದೂಡಿದೆ. ನಾನು ಮನೆಗೆ ತೆಗೆದುಕೊಳ್ಳುವ ಹಣವನ್ನು 25,000 ಇಳಿಸಿದೆ.

ಪಿಎಫ್ ಮತ್ತು ಇಎಸ್‌ಐಗೆ (ನೌಕರರ ರಾಜ್ಯ ವಿಮೆಗೆ) ಎಲ್ಲರ ಹೆಸರು ಸೇರಿಸುವುದಕ್ಕೆ ಕೆಲಸಗಾರರಿಂದಲೇ ವಿರೋಧ ಬರುತ್ತದೆಂದು ನಾನು ಎಣಿಸಿರಲಿಲ್ಲ. ಪಗಾರದಲ್ಲಿ ನೂರಕ್ಕೆ 12 ಪಿಎಫ್, 0.75 ಇಎಸ್‌ಐ ಕಡಿತವಾಗುತ್ತದೆಂದಾಗ, "ಸೇಟ್ರೇ, ಕೈಗೆ ಬರೂದು ಕಡ್ಮಿ ಆದ್ರೆ ಊರಿಗೆ ಏನು ಕಳಿಸ್ಲಿ?" ಎಂದು ಕೊಪ್ಪಳದ ಹುಡುಗ ಕೇಳಿದ. ಅವನ ಮಾತು ಸರಿಯಾಗಿಯೇ ಇತ್ತು. ಪಗಾರ ಏರಿಸಿದ ತಿಂಗಳಿನಿಂದಲೇ ಕಡಿತ ಶುರು ಮಾಡಿ, ಕೈಗೆ ಬರುವ ಮೊತ್ತ ಹಿಂದಿನದಕ್ಕಿಂತ ಒಂದು ರೂಪಾಯಿಯೂ ಕಡಿಮೆಯಾಗದಂತೆ ನೋಡಿಕೊಂಡೆ. ಆಧಾರಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು, ಹುಟ್ಟಿದ ದಿನ ಎಲ್ಲರಿಗೂ ಜನವರಿ 1 ಅಥವಾ ಜೂನ್ 1. ಇದನ್ನು ಸರಿಪಡಿಸಲು ಆರು ತಿಂಗಳು ಹಿಡಿಯಿತು. ಈ ಕೆಲಸಕ್ಕೆ ಇಳಿಯುವವರು ಕಾಗದಪತ್ರವನ್ನು ಮೊದಲೇ ಹೊಂದಿಸಿಕೊಳ್ಳುವುದು ಒಳಿತು. ಒಮ್ಮೆ ನೋಂದಾಯಿತವಾದ ಸಂಸ್ಥೆಯಲ್ಲಿ ಜನ ಇಪ್ಪತ್ತಕ್ಕಿಂತ ಕಡಿಮೆಯಾದರೂ ಪಿಎಫ್, ಇಎಸ್‌ಐ ಅನ್ವಯವಾಗುತ್ತಲೇ ಇರುತ್ತವೆ. ನಾವು ಈಗ 19 ಜನರಿದ್ದರೂ ಕಟ್ಟುತ್ತಿದ್ದೇವೆ.

ಅದರ ಬೆಲೆ ತಿಳಿದದ್ದು 2022ರ ಮಳೆಗಾಲದಲ್ಲಿ. ವಡೆ ಕರಿಯುವವನ ಕಾಲು ಜಾರಿ ಬಾಣಲೆಯ ಎಣ್ಣೆ ಎಡಗೈ ಮೇಲೆ ಚೆಲ್ಲಿತು. ಮೊಣಕೈಯಿಂದ ಕೆಳಗೆ ಚರ್ಮ ಸುಲಿದು ಬಂದಿತ್ತು. ಹಿಂದೆ ಇಂಥದ್ದಾದಾಗ ಔಷಧಿಗೆ ಐದಾರು ಸಾವಿರ ಕೊಟ್ಟು ಊರಿನ ರೈಲು ಹತ್ತಿಸುವುದು ರೂಢಿ. ನನ್ನ ಕಣ್ಣೆದುರೇ ಎಷ್ಟೋ ಮಂದಿ ಹಾಗೆ ಹೋಗಿ ಮತ್ತೆ ಬರಲಿಲ್ಲ. ಇವನಿಗೆ ಇಎಸ್‌ಐ ಆಸ್ಪತ್ರೆಯಲ್ಲಿ ಖರ್ಚಿಲ್ಲದೆ ಚಿಕಿತ್ಸೆ ಆಯಿತು. ಕೆಲಸದ ವೇಳೆಯ ಗಾಯವಾದ್ದರಿಂದ ಗುಣವಾಗುವವರೆಗೆ ಪಗಾರದ ನೂರಕ್ಕೆ 90ರಷ್ಟು ಅವನ ಬ್ಯಾಂಕ್ ಖಾತೆಗೆ ಬಂತು. ಐವತ್ತೆರಡು ದಿನಗಳ ನಂತರ ಅವನು ಅದೇ ಬಾಣಲೆಯ ಎದುರು ನಿಂತ. ಬಾಣಲೆಯ ಕೆಳಗೆ ನೆಲಕ್ಕೆ ಒರಟು ಕಲ್ಲು ಹಾಸಿಸಿದ್ದು ಅಷ್ಟರಲ್ಲಿ ಮುಗಿದಿತ್ತು. ಅದಕ್ಕೆ ತಗಲಿದ್ದು 7,000 ರೂಪಾಯಿ. ಅದನ್ನು ಹತ್ತು ವರ್ಷ ಮೊದಲೇ ಹಾಸಿಸಬಹುದಿತ್ತು.

ಬಕ್ಷೀಸಿನ ವಿಷಯದಲ್ಲಿ ಜಗಳವೇ ಆಯಿತು. ಗಿರಾಕಿಗಳು ಬಿಟ್ಟು ಹೋಗುವ ಚಿಲ್ಲರೆ ಸಪ್ಲೈಯರಿನ ಜೇಬಿಗೆ ಹೋಗುತ್ತಿತ್ತು. ಒಬ್ಬೊಬ್ಬರಿಗೆ ತಿಂಗಳಿಗೆ ಮೂರು ನಾಲ್ಕು ಸಾವಿರ. ದೋಸೆ ಹುಯ್ದವನಿಗೆ, ತಟ್ಟೆ ತೊಳೆದವನಿಗೆ, ಹೊರಗಿನ ಕಚೇರಿಗಳಿಗೆ ಚಹಾ ಹೊತ್ತ ಬಾಹರ್‌ವಾಲಾಗೆ ಅದರಲ್ಲಿ ಏನೂ ಇಲ್ಲ. ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ವಾರಕ್ಕೊಮ್ಮೆ ಸಮನಾಗಿ ಹಂಚೋಣ ಎಂದಾಗ ಇಬ್ಬರು ಸಪ್ಲೈಯರುಗಳು ಕೆಲಸ ಬಿಡುತ್ತೇವೆಂದರು. ಗಿರಾಕಿಯ ಮುಂದೆ ನಗುನಗುತ್ತ ನಿಂತು, ಅವರ ಸಿಟ್ಟನ್ನು ಸಹಿಸಿಕೊಳ್ಳುವವರು ನಾವು ಎಂಬುದು ಅವರ ವಾದ, ಅದರಲ್ಲೂ ಹುರುಳಿತ್ತು. ನಾನು ತೀರ್ಮಾನ ಹೇರಲಿಲ್ಲ. ಒಂದು ಮಂಗಳವಾರ ಎಲ್ಲರೂ ಕುಳಿತು ಮಾತಾಡಿ, ಅರ್ಧ ಸಪ್ಲೈಯರುಗಳಿಗೆ, ಅರ್ಧ ಉಳಿದವರಿಗೆ ಎಂದು ಅವರೇ ಒಪ್ಪಿಕೊಂಡರು. ಒಬ್ಬ ಮಾತ್ರ ಆಮೇಲೆ ಬಿಟ್ಟು ಹೋದ. ಡಬ್ಬಿಯ ಬೀಗದ ಕೈ ನನ್ನ ಹತ್ತಿರವಿಲ್ಲ. ಮೋರಿಯವನ ಹತ್ತಿರ ಇದೆ.

2024ರ ಅಕ್ಟೋಬರಿನಲ್ಲಿ ಮೂರು ವರ್ಷ ಮುಗಿದಾಗ ಮೋರಿಯ ಪಗಾರ 17,500, ಸಪ್ಲೈಯರಿನದು 19,000, ದೋಸೆ ಭಟ್ಟರದು 27,000 ಆಗಿತ್ತು. ಪಿಎಫ್, ಇಎಸ್‌ಐಗಳಲ್ಲಿ ನನ್ನ ಪಾಲನ್ನೂ ಸೇರಿಸಿ ಪಗಾರದ ಖರ್ಚು ತಿಂಗಳಿಗೆ 2 ಲಕ್ಷ 60 ಸಾವಿರದಿಂದ 4 ಲಕ್ಷ 37 ಸಾವಿರಕ್ಕೆ ಏರಿತ್ತು. ಇಡ್ಲಿಯ 50 ರೂಪಾಯಿಯಲ್ಲಿ ಹನ್ನೆರಡೂವರೆ ಈಗ ದುಡಿದ ಕೈಗಳಿಗೆ ಸೇರುತ್ತದೆ. ಬರುವ ಗಿರಾಕಿಗಳು ಸ್ವಲ್ಪ ಕಡಿಮೆಯಾಗಿದ್ದಾರೆ. ಆದರೆ ಮೂರು ತಿಂಗಳಿಗೊಬ್ಬ ಹೇಳದೆ ಕೇಳದೆ ಕೆಲಸ ಬಿಟ್ಟು ಹೋಗುವುದು ನಿಂತಿದೆ. ಹೊಸಬನಿಗೆ ಕಲಿಸುವಾಗ ಆಗುತ್ತಿದ್ದ ಹಾನಿ, ಸುಟ್ಟ ದೋಸೆ, ತಪ್ಪಿದ ಬಿಲ್ಲು, ಇವೆಲ್ಲ ಎಷ್ಟು ದುಬಾರಿಯಾಗಿದ್ದವೆಂದು ಅವು ನಿಂತ ಮೇಲೆಯೇ ತಿಳಿಯಿತು.

ದೋಸೆ ಭಟ್ಟರು 2022ರಲ್ಲಿ ಮರಳಿ ಬಂದಿದ್ದರು. 2023ರ ಜೂನಿನಲ್ಲಿ ಹೆಂಡತಿ, ಮಗಳು, ಮಗನನ್ನು ಕರೆದುಕೊಂಡು ಬಂದು ದಿವಾದಲ್ಲಿ ಖೋಲಿ ಮಾಡಿದರು. ಡಿಪಾಸಿಟ್ಟಿಗೆ 40,000 ಮುಂಗಡ ಕೊಟ್ಟೆ. ತಿಂಗಳಿಗೆ ಎರಡು ಸಾವಿರದಂತೆ ತೀರಿಸಿದರು. ಮೊದಲ ಭಾನುವಾರ ಸಂಸಾರವನ್ನು ಹೋಟೆಲಿಗೆ ಕರೆತಂದಿದ್ದರು. ಒಂಬತ್ತು ವರ್ಷದ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಪ್ಪ ಕಾವಲಿಗೆ ನೀರು ಚಿಮುಕಿಸಿ, ಒರೆಸಿ, ಹಿಟ್ಟು ಹುಯ್ದು ಸುತ್ತುವುದನ್ನು ಎವೆಯಿಕ್ಕದೆ ನೋಡಿದಳು. ಅಪ್ಪ ಮುಂಬಯಿಯಲ್ಲಿ ಏನು ಕೆಲಸ ಮಾಡುತ್ತಾರೆಂದು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು. ಆ ದಿನ ಭಟ್ಟರು ಅವಳಿಗೆಂದು ಹುಯ್ದ ದೋಸೆಗೆ ಹಾಕಿದ ತುಪ್ಪವನ್ನು ಯಾರೂ ಅಳೆಯಲಿಲ್ಲ.

ಇತರ ಹೋಟೆಲಿನವರು ಬಂದು ಕೇಳಿದಾಗ ನಾನು ಇದೇ ಪುಸ್ತಕವನ್ನು ತೆಗೆದು ತೋರಿಸುತ್ತೇನೆ. ಇಬ್ಬರು ತಮ್ಮಲ್ಲಿ ವಾರದ ರಜೆ ಶುರು ಮಾಡಿದ್ದಾರೆ. ಪಗಾರದ ವಿಷಯದಲ್ಲಿ ಹೆಚ್ಚಿನವರು, ನೀನೊಬ್ಬ ಏರಿಸಿದರೆ ನಮ್ಮ ಹುಡುಗರೂ ಕೇಳುತ್ತಾರೆ ಎಂದು ಬೇಸರಪಟ್ಟುಕೊಂಡು ಹೋಗುತ್ತಾರೆ. ಕೇಳಲಿ ಎಂಬುದೇ ನನ್ನ ಆಸೆ. ಕೇಳುವವರು ತಿಳಿದಿರಬೇಕಾದ ಒಂದು ಸಂಗತಿಯನ್ನು ಇಲ್ಲಿ ಸೇರಿಸುತ್ತೇನೆ: 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ, ಕಡಿಮೆ ಕೊಟ್ಟ ಅಥವಾ ಕೊಡದೆ ಉಳಿಸಿಕೊಂಡ ಪಗಾರಕ್ಕೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಹಿಂದಿನ ಕನಿಷ್ಠ ವೇತನ ಕಾಯ್ದೆಯಲ್ಲಿ ಆ ಅವಧಿ ಆರು ತಿಂಗಳು ಮಾತ್ರವಿತ್ತು. ಕೆಲಸ ಬಿಟ್ಟವನ ಲೆಕ್ಕವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೊಡಬೇಕು. ಹಾಜರಿಯನ್ನು ತಾನೂ ಒಂದು ವಹಿಯಲ್ಲಿ ಬರೆದಿಟ್ಟುಕೊಂಡವನಿಗೆ ಇದೆಲ್ಲ ಕೇಳುವುದು ಸುಲಭ.

ಪ್ರತಿ ಜನವರಿಯಲ್ಲಿ ದಿವಾಕ್ಕೆ ಹೋಗಿ ದರಗಳನ್ನು ಮತ್ತೆ ಬರೆದುಕೊಂಡು ಬರುತ್ತೇನೆ. ಈಗ ಜೊತೆಗೆ ಭಟ್ಟರ ಹೆಂಡತಿಯೂ ಬರುತ್ತಾರೆ. ಯಾವ ಅಂಗಡಿಯಲ್ಲಿ ತೂಕ ಸರಿಯಿದೆ, ಟ್ಯಾಂಕರಿನವನು ಬೇಸಿಗೆಯಲ್ಲಿ ಎಷ್ಟು ಏರಿಸುತ್ತಾನೆ ಎಂಬುದೆಲ್ಲ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಐದೂವರೆ ಸಾವಿರದ ಖೋಲಿಗೆ ಈ ವರ್ಷ ಏಳೂವರೆ ಸಾವಿರ. ಹಾಲು, ಎಣ್ಣೆ, ಶಾಲೆಯ ಫೀಸು ಎಲ್ಲ ಏರಿ ಒಟ್ಟು ಮೊತ್ತ 25,400ಕ್ಕೆ ಬಂದು ನಿಂತಿದೆ. ಮೋರಿಯವನ ಪಗಾರವನ್ನು ಈ ತಿಂಗಳಿನಿಂದ 19,500 ಮಾಡಿದ್ದೇನೆ. ಅವನಿಗೆ ಈಗ ಇಪ್ಪತ್ತನಾಲ್ಕು ವರ್ಷ. ಮೇ ತಿಂಗಳಲ್ಲಿ ಮದುವೆ ಗೊತ್ತಾಗಿದೆ. ಉಳಿದ 5,900 ರೂಪಾಯಿ ಎಲ್ಲಿಂದ ಬರಬೇಕೆಂದು ಪುಸ್ತಕ ತೆರೆದು ಕುಳಿತಿದ್ದೇನೆ.